ಟೈಲರಣ್ಣನ ಟ್ರಂಕು

ಈಚೆಗೆ ಒಂದು ದಿನ ಬೀರು ಖಾಲಿ ಮಾಡಿ ಹೊಸ ಪೇಪರು ಹಾಸುತ್ತಿದ್ದೆ. ಸೀರೆಗಳ ಸಂದಿಯಿಂದ ಒಂದು ಮಾಸ್ಕು ಜಾರಿ ಕಾಲ ಮೇಲೆ ಬಿತ್ತು. ಹೊರಗೆ ನೇರಳೆ ಬಣ್ಣದ ಬಟ್ಟೆ, ಒಳಗೆ ತೆಳ್ಳನೆಯ ಬಿಳಿ ಮಲ್ಲು ಬಟ್ಟೆ. ಕಿವಿಗೆ ಎಲಾಸ್ಟಿಕ್ ಇಲ್ಲ, ಲಂಗದ ಲಾಡಿಯನ್ನೇ ಕತ್ತರಿಸಿ ತಲೆಯ ಹಿಂದೆ ಕಟ್ಟಿಕೊಳ್ಳುವ ಹಾಗೆ ಹೊಲಿದದ್ದು. ಮೂಗಿಗೆ ಹಿಡಿದರೆ ಇಷ್ಟು ವರ್ಷವಾದರೂ ನುಸಿಗುಳಿಗೆಯ ವಾಸನೆ! ಅಲ್ಲೇ ಮಂಚದ ತುದಿಯಲ್ಲಿ ಕೂತುಬಿಟ್ಟೆ. ಪೇಪರು ಹಾಸುವ ಕೆಲಸ ಅವತ್ತು ಮುಗಿಯಲಿಲ್ಲ.

ಅದನ್ನು ಹೊಲಿದವರು ವನಗೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರು. ನಮ್ಮ ಕಡೆಯ ಹೆಂಗಸರಿಗೆಲ್ಲ ಅವರು ಟೈಲರಣ್ಣ. ಸಣಕಲು ಆಳು, ದೇವಸ್ಥಾನಕ್ಕೆ ಬಂದರೂ ಕೊರಳಲ್ಲಿ ಅಳತೆ ಟೇಪು ಇರುತ್ತಿತ್ತು. ಅಳತೆ ತೆಗೆಯುವುದು ಅವರ ಹೆಂಡತಿ, ಕತ್ತರಿಸಿ ಹೊಲಿಯುವುದು ಅವರು. ರವಿಕೆ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ಸಕಲೇಶಪುರದಲ್ಲೂ ಇರಲಿಲ್ಲ. ತೋಳು ಎತ್ತಿ ಮೆಣಸಿನ ಬಳ್ಳಿ ಕಟ್ಟಿದರೂ ಎಲ್ಲೂ ಎಳೆಯುತ್ತಿರಲಿಲ್ಲ, ಅಂಥ ಕೈ.

ಅವರ ಮೇಲೆ ಇದ್ದದ್ದು ಒಂದೇ ದೂರು. ಉಳಿದ ಬಟ್ಟೆ ವಾಪಸ್ಸು ಬರುತ್ತಿರಲಿಲ್ಲ. ಒಂದು ಮೀಟರ್ ಕೊಟ್ಟರೂ ಉಳಿದಿಲ್ಲ, ಒಂದೂಕಾಲು ಕೊಟ್ಟರೂ ಉಳಿದಿಲ್ಲ. ಕೇಳಿದರೆ ಕತ್ತರಿಯಿಂದ ಕಣ್ಣೆತ್ತದೆ "ಸಾಲ್ದೆ ಕೂಡ್ಸಿದೀನಿ ಕಣಕ್ಕ" ಅನ್ನುವರು. ಸಂತೆಯಲ್ಲಿ ಚೂರುಬಟ್ಟೆ ಕೊಳ್ಳುವವರಿಗೆ ಮಾರಿಕೊಳ್ಳುತ್ತಾರೆ ಅಂತ ನಮ್ಮ ತೀರ್ಮಾನ. ಆ ತೀರ್ಮಾನವನ್ನು ಮನೆಮನೆಗೆ ಹಂಚಿದವಳು ನಾನೇ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ನಮ್ಮಮ್ಮ ಕೊಟ್ಟಿದ್ದ ಸಾಸಿವೆ ಬಣ್ಣದ ರೇಷ್ಮೆ, ಹಸಿರು ಅಂಚಿನದು, ನಾದಿನಿಯ ಮದುವೆಗೆ ಅಂತ ಅವರ ಕೈಗೆ ಕೊಟ್ಟಿದ್ದೆ. ಉಳಿದದ್ದರಲ್ಲಿ ಮಗಳ ಲಂಗದ ಜಾಕೀಟಿಗೆ ಎರಡು ಪುಟ್ಟ ತೋಳಾದರೂ ಆದೀತು ಅಂತ ಆಸೆ. ಒಂದು ಎಳೆಯೂ ಬರಲಿಲ್ಲ. ನಾನೇನು ಸುಮ್ಮನೆ ಬಿಟ್ಟೆನೇ? ಡೇರಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ಸ್ತ್ರೀಶಕ್ತಿ ಸಂಘದಲ್ಲಿ, ಎಲ್ಲ ಕಡೆ ಸಾರಿದೆ. ಆದರೂ ಹೊಲಿಸುವುದು ಮಾತ್ರ ಅವರ ಹತ್ತಿರವೇ.

ಆಮೇಲೆ ಆ ಕೊರೋನ ಬಂತು...

ಯುಗಾದಿಯ ದಿನವೇ ಊರಿಗೆಲ್ಲ ಬೀಗ ಬಿದ್ದಿತ್ತು. ಈಗ ನೆನೆಸಿಕೊಂಡರೆ ನಾವೇನೇನು ಮಾಡಿದೆವು ಅಂತ ನನಗೇ ಸೋಜಿಗ. ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿ ಎಳೆದು ನಮ್ಮ ನೆಂಟರನ್ನು ನಾವೇ ಆಚೆ ನಿಲ್ಲಿಸಿದೆವು. ಬಾಗಿಲಿಗೆ ಬೇವು ಕಟ್ಟಿದೆವು. ಕಾಳುಮೆಣಸಿನ ಕಷಾಯ ಕುಡಿದು ಕುಡಿದು ಹೊಟ್ಟೆ ಉರಿಯಾಗಿ ಮಜ್ಜಿಗೆ ಕುಡಿದೆವು. ತಟ್ಟೆ ಬಡಿಯಬೇಕು ಅಂದ ದಿನ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯವರೆಲ್ಲ ಸೇರಿ ಎಂಥ ಸದ್ದು ಮಾಡಿದರೆಂದರೆ, ಕೆಳಗಿನ ಮನೆಯವರು ತೋಟಕ್ಕೆ ಆನೆ ನುಗ್ಗಿತು ಅಂದುಕೊಂಡು ಪಟಾಕಿ ಹೊಡೆದರು. ಆ ಪಟಾಕಿ ಕೇಳಿ ಮೇಲಿನವರು ನಿಜವಾಗಿಯೂ ಆನೆ ಬಂತು ಅಂತ ಬಾಗಿಲು ಹಾಕಿಕೊಂಡರು. ಕಾಯಿಲೆ ಹೇಗಿರುತ್ತದೆ ಅಂತ ನಮ್ಮಲ್ಲಿ ಇನ್ನೂ ಒಬ್ಬರೂ ನೋಡಿರಲಿಲ್ಲ.

ಅಷ್ಟರಲ್ಲಿ ಸೊಸೈಟಿ ಅಂಗಡಿಯಲ್ಲಿ ಹೊಸ ಕಾನೂನು ಬಂತು. ಮಾಸ್ಕ್ ಇಲ್ಲದವರಿಗೆ ಅಕ್ಕಿ ಇಲ್ಲ. ಸೆರಗು ನಡೆಯೋಲ್ಲ, ಟವೆಲ್ಲು ನಡೆಯೋಲ್ಲ, ಮಾಸ್ಕೇ ಆಗಬೇಕು. ಎಲ್ಲಿಂದ ತರುವುದು? ಸಕಲೇಶಪುರದ ಮೆಡಿಕಲ್ ಸ್ಟೋರುಗಳಲ್ಲಿ ಖಾಲಿ, ಬಟ್ಟೆ ಅಂಗಡಿಗಳಿಗೆ ಬೀಗ, ಬಸ್ಸು ಬಂದ್. ಲೈನ್ ಮನೆಯ ಹೆಂಗಸರು ಖಾಲಿ ಚೀಲ ಹಿಡಿದು ಬಂದ ದಾರಿಯಲ್ಲೇ ವಾಪಸ್ಸು ಹೋಗುವುದನ್ನು ನಾನೇ ನೋಡಿದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ... ಟೈಲರಣ್ಣನ ಅಂಗಡಿಯ ಮುಂದೆ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಸಾಲಾಗಿ ಮಾಸ್ಕುಗಳು ನೇತಾಡುತ್ತಿದ್ದವು. ಕೆಂಪು, ಹಸಿರು, ಜರಿ ಚುಕ್ಕಿ, ಹೂವಿನ ಪ್ರಿಂಟು. ಬೇಕಾದವರು ಒಂದೊಂದು ಬಿಡಿಸಿಕೊಂಡು ಹೋಗಬಹುದು, ಕಾಸು ಬೇಡ. ನಾನೂ ಒಂದು ನೇರಳೆಯದು ಬಿಡಿಸಿಕೊಂಡೆ. ನುಸಿಗುಳಿಗೆ ವಾಸನೆ ಗಮ್ಮೆಂದು ಬಡಿಯಿತು. ಆ ವಾಸನೆಗೆ ಕೊರೋನ ಹತ್ತಿರ ಸುಳಿಯುವುದಿಲ್ಲವಂತೆ ಅಂತ ಸಂಜೆಯೊಳಗೆ ಸುದ್ದಿಯೂ ಹುಟ್ಟಿತು! ನನ್ನ ತಲೆ ತಿನ್ನುತ್ತಿದ್ದದ್ದು ಬೇರೆ. ಇಷ್ಟು ಬಣ್ಣದ ಬಟ್ಟೆ ಈ ಮನುಷ್ಯನಿಗೆ ಎಲ್ಲಿಂದ ಬಂತು? ನಮ್ಮ ಯಜಮಾನರ ಹತ್ತಿರ ನಾಲ್ಕು ಸಲ ಕೇಳಿದೆ. "ಮಾಸ್ಕ್ ಸಿಕ್ತಲ್ಲ, ಬಟ್ಟೆ ಜಾತಕ ನಿಂಗ್ಯಾಕೆ ಮಾರಾಯ್ತಿ?" ಅಂದು ಆಚೆ ಹೋದರು.

ಉತ್ತರ ಸಿಕ್ಕಿದ್ದು ಅಕ್ಕಿಯ ಸಾಲಿನಲ್ಲಿ. ಸೊಸೈಟಿ ಎದುರಿಗೆ ಸುಣ್ಣದಲ್ಲಿ ವೃತ್ತ ಬರೆದಿದ್ದರು, ಒಬ್ಬೊಬ್ಬರು ಒಂದೊಂದರೊಳಗೆ ನಿಲ್ಲಬೇಕು. ಮಾತಾಡಲು ದೂರ, ಮಾಡಲು ಕೆಲಸವಿಲ್ಲ, ಹೀಗಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ನನ್ನ ಹಿಂದಿನ ವೃತ್ತದಲ್ಲಿ ನಮ್ಮ ವಾರಗಿತ್ತಿ. ಅವಳಿಗೂ ನನಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಾನು ಯಾಕೋ ಹಿಂದೆ ತಿರುಗಿದೆ. ಅವಳು ನನ್ನನ್ನೇ ದುರುಗುಟ್ಟಿ ನೋಡಿ, ನನಗಲ್ಲ, ತನ್ನ ಹಿಂದಿನವರಿಗೆ ಕೂಗಿದಳು. "ನೋಡ್ರೇ ಇಲ್ಲಿ, ನನ್ ಜಾಕೀಟು ಯಾರ್ ಮೂತಿ ಮೇಲೈತೆ ಅಂತ!"

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನೋಡಬೇಕಿತ್ತು ಆ ಸಾಲನ್ನು! ಎಲ್ಲರೂ ಎಲ್ಲರ ಮೂಗು ಬಾಯಿ ನೋಡುವವರೇ. ಅದು ನನ್ನ ಸೀಮಂತದ್ದು, ಇದು ನಮ್ಮತ್ತೆಯದು, ಅಗೋ ಅದು ನಂದು ಕಣೇ ಅಂತ ಗುಲ್ಲೋ ಗುಲ್ಲು. ನಾನೂ ಕಣ್ಣಾಡಿಸಿದೆ. ಸಾಲಿನ ಕೊನೆಯಲ್ಲಿ ವನಗೂರಿನ ಜೀಪಿನ ಡ್ರೈವರು ನಿಂತಿದ್ದ. ಅವನ ದಪ್ಪ ಮೂಗಿನ ಮೇಲೆ ಸಾಸಿವೆ ಬಣ್ಣದ ರೇಷ್ಮೆ, ಹಸಿರು ಅಂಚು. ನಮ್ಮಮ್ಮ ಕೊಟ್ಟದ್ದು.

"ನಂಗೇನ್ ಗೊತ್ತು ಕಣಕ್ಕ, ಬೇಕಾದ್ರೆ ಬಿಚ್ಕೊಡ್ತೀನಿ" ಅಂತ ಅವನು ಕೈ ಮುಗಿದ. ನನಗೆ ಅದೆಲ್ಲ ಕೇಳಿಸಲಿಲ್ಲ. ಟೈಲರಣ್ಣನ ಅಂಗಡಿ ಇದ್ದದ್ದು ರಸ್ತೆಯ ಆ ಕಡೆಗೆ. ವೃತ್ತದಲ್ಲಿ ನಿಂತೇ ಕೂಗಿದೆ. "ಕಳ್ಳ ಸಿಕ್ಬಿದ್ದ ಕಣ್ರೇ! ನಾನ್ ಹೇಳ್ತಿರ್ಲಿಲ್ವಾ? ಮೂವತ್ ವರ್ಷದಿಂದ ನಮ್ ಬಟ್ಟೆ ತಿಂದವ್ನೆ!" ಅಷ್ಟು ವರ್ಷ ಎದುರಿಗೆ ಮರ್ಯಾದೆ ಕೊಟ್ಟು ಮಾತಾಡಿಸಿದವರನ್ನು ಊರೆದುರು ಹಾಗೆ ಕೂಗಿಬಿಟ್ಟೆ. ಮಿಷನ್ನಿನ ಸದ್ದು ನಿಂತಿತು. ಟೈಲರಣ್ಣ ಬಾಗಿಲಿಗೆ ಬಂದರು. ಸಾಲನ್ನೆಲ್ಲ ಒಂದು ಸಲ ನೋಡಿದರು. "ಹೌದು ಕಣಕ್ಕ, ಉಳ್ದಿತ್ತು" ಅಂದರು. ಅಷ್ಟೇ. ಒಳಗೆ ಹೋದರು, ಮತ್ತೆ ಮಿಷನ್ನಿನ ಸದ್ದು ಕೇಳಿಸಿತು. ಅಂದು ಸಂಜೆಯೂ ಹಗ್ಗದ ಮೇಲೆ ಹೊಸ ಮಾಸ್ಕುಗಳಿದ್ದವು.

ಮಾಸ್ಕನ್ನು ಮಾತ್ರ ಯಾರೂ ವಾಪಸ್ಸು ಕೊಡಲಿಲ್ಲ. ಲೈನ್ ಮನೆಯವರಿಗೆಲ್ಲ ಅಕ್ಕಿ ಸಿಕ್ಕಿತು. ಆದರೆ ಬೀಗ ತೆಗೆದು ಬಸ್ಸು ಓಡತೊಡಗಿದ ಮೇಲೆ ಟೈಲರಣ್ಣನಿಗೆ ಯಾರೂ ಬಟ್ಟೆ ಕೊಡಲಿಲ್ಲ. ಹೆಂಗಸರೆಲ್ಲ ಸಕಲೇಶಪುರದ ಬಸ್ಸು ಹತ್ತಿದರು. ಕಳ್ಳ ಟೈಲರ್ ಅನ್ನುವ ಹೆಸರು ನಿಂತುಬಿಟ್ಟಿತು. ಆ ಮನುಷ್ಯನಿಗೆ ಇದ್ದದ್ದು ಒಂದು ಮಿಷನ್ನು, ಒಂದು ಹೆಸರು. ಅದರಲ್ಲಿ ಒಂದನ್ನು ನಾನು ಕಿತ್ತುಕೊಂಡಿದ್ದೆ. ಆಗ ಹಾಗೆ ಅನ್ನಿಸಿರಲಿಲ್ಲ, ಗೆದ್ದೆ ಅನ್ನಿಸಿತ್ತು.

ಮಳೆಗಾಲ ಕಳೆದ ಮೇಲೆ ತಮ್ಮನ ಮಗಳ ಮದುವೆ, ಮನೆಯ ಮಟ್ಟಿಗೆ. ಸಾಸಿವೆ ರೇಷ್ಮೆ ರವಿಕೆ ತೆಗೆದರೆ ತೋಳೇ ಏರದು. ಕೂತು ತಿಂದದ್ದಕ್ಕೆ ಆಗಬೇಕಾದದ್ದೇ. ಟೈಲರಣ್ಣನ ಹತ್ತಿರ ಹೋಗುವ ಮುಖವಿಲ್ಲ. ನಾನೇ ಹೊಲಿಗೆ ಬಿಚ್ಚೋಣ ಅಂತ ರವಿಕೆಯನ್ನು ಒಳಮಗ್ಗುಲಿಗೆ ತಿರುಗಿಸಿ ಬ್ಲೇಡು ಹಿಡಿದೆ. ಕಂಕುಳಿನ ಕೆಳಗೆ, ಎರಡೂ ಕಡೆ, ಎರಡು ಬೆರಳಗಲದ ಪಟ್ಟಿ. ಅದೇ ರೇಷ್ಮೆ, ಅದೇ ನೂಲು. ಹೊರಗಿನಿಂದ ನೋಡಿದರೆ ಕೂಡಿಸಿದ್ದು ಗೊತ್ತೇ ಆಗದು.

ಬ್ಲೇಡು ಕೈಯಲ್ಲೇ ಉಳಿಯಿತು. ನೆನಪಾಯಿತು... ಎರಡನೆಯ ಬಾಣಂತನ ಮುಗಿದ ಮೇಲೆ ಈ ರವಿಕೆ ಬಿಗಿಯಾಗಿತ್ತು. ಸಡಿಲ ಮಾಡಿಕೊಡಿ ಅಂತ ಟೈಲರಣ್ಣನಿಗೆ ಕೊಟ್ಟಿದ್ದೆ, ಬರೀ ರವಿಕೆ, ಬೇರೆ ಬಟ್ಟೆ ಏನೂ ಕೊಟ್ಟಿರಲಿಲ್ಲ. ನಾಳೆ ಬನ್ನಿ ಅಂದರು, ಮಾರನೆಯ ದಿನ ಸರಿಯಾಗಿ ಕೂತಿತು. ಅಲ್ಲ, ಆ ಬಟ್ಟೆ ಎಲ್ಲಿಂದ ಬಂತು ಅಂತ ನಾನು ಒಂದು ದಿನವಾದರೂ ಯೋಚಿಸಿದ್ದೆನೇ? ಊರೆಲ್ಲ ಸಾಕ್ಷಿ ಹುಡುಕಿದವಳ ಕಂಕುಳಲ್ಲೇ ಸಾಕ್ಷಿ ಕೂತಿತ್ತು. ಬೀರುವಿನ ಉಳಿದ ರವಿಕೆಗಳನ್ನೂ ತಿರುಗಿಸಿದೆ. ಇನ್ನೂ ಮೂರರಲ್ಲಿ ಪಟ್ಟಿ ಇತ್ತು.

ಮರುದಿನವೇ ಹೋದೆ. ಅಂಗಡಿಯಲ್ಲಿ ಒಂದೂ ರವಿಕೆ ತೂಗುತ್ತಿರಲಿಲ್ಲ. ಟೈಲರಣ್ಣ ನೆಲದ ಮೇಲೆ ಕೂತು ಎಸ್ಟೇಟಿನ ಹರಿದ ಗೋಣಿಚೀಲಕ್ಕೆ ದಬ್ಬಣದಲ್ಲಿ ತೇಪೆ ಹಾಕುತ್ತಿದ್ದರು. ಅಂಥ ಕೈ! ನಾನು ರವಿಕೆ ತಿರುಗಿಸಿ ತೋರಿಸಿದೆ. ಅವರು ಎದ್ದು ಮೂಲೆಯಲ್ಲಿದ್ದ ತಗಡಿನ ಟ್ರಂಕು ತೆಗೆದರು. ತಳದಲ್ಲಿ ಕರಗಿದ ನುಸಿಗುಳಿಗೆ ಬಿಟ್ಟರೆ ಏನಿಲ್ಲ. ಒಂದೊಂದು ಮನೆಯದ್ದು ಒಂದೊಂದು ಗಂಟು ಕಟ್ಟಿ ಅದರಲ್ಲಿ ಇಟ್ಟಿದ್ದರಂತೆ.

"ಮತ್ತೆ ಉಳ್ದಿಲ್ಲ ಅಂತ ಯಾಕ್ ಹೇಳ್ತಿದ್ರಿ ಟೈಲರಣ್ಣ?"

"ಉಳ್ದೈತೆ ಅಂದ್ರೆ ನೀವು ಬುಡ್ತಿದ್ರಾ? ತಗಂಡೋಗಿ ಮಸಿಬಟ್ಟೆ ಮಾಡ್ಬುಡ್ತೀರಿ. ಆಮೇಲೆ ಬಿಗಿ ಆತು, ಹರಿದೋತು ಅಂತ ಬತ್ತೀರಿ. ಅದೇ ಬಟ್ಟೆ ನಾನೆಲ್ಲಿಂದ ತರ್ಲಿ? ಹೆಣ್ಮಕ್ಳ ಮೈ ಒಂದೇ ತರ ಇರ್ತದಾ ಅಕ್ಕ?"

ಮಾಸ್ಕು ಕತ್ತರಿಸಬೇಡಿ, ಎಲ್ಲರೂ ಗುರುತು ಹಿಡಿಯುತ್ತಾರೆ ಅಂತ ಹೆಂಡತಿ ಬೇಡಿಕೊಂಡಿದ್ದರಂತೆ. ಅದು ಅವರಿಗೂ ಗೊತ್ತಿತ್ತು. "ಲೈನ್ ಮನೆಯೋರು ಅಕ್ಕಿ ಇಲ್ದೆ ವಾಪಸ್ ಹೋಗ್ತಿದ್ರಲ್ಲ" ಅಂದರು. ನಾನು ಹೊರಡುವಾಗ ಬಾಗಿಲವರೆಗೂ ಬಂದು ಟೇಪಿನ ತುದಿ ಸುತ್ತುತ್ತಾ ನಿಂತರು. "ಒಂದ್ ಉಪಕಾರ ಮಾಡಿ ಅಕ್ಕ. ಅವತ್ತು ಕೂಗಿದ್ರಲ್ಲ, ಅಷ್ಟೇ ಜೋರಾಗಿ ಇದನ್ನೂ ಒಂದ್ಸಲ ಹೇಳ್ಬುಡಿ. ಮಾರ್ಕಂಡು ತಿನ್ಲಿಲ್ಲ ಅಂತ."

ಸಂಘದ ಸಭೆಯಲ್ಲೇ ಎಲ್ಲರೆದುರು ಹೇಳುತ್ತೇನೆ ಅಂತ ಮಾತು ಕೊಟ್ಟೆ.

ಹೇಳಿದೆನಾ? ಮೊದಲ ಸಭೆ ನಡೆಯಲೇ ಇಲ್ಲ. ಎರಡನೆಯದಕ್ಕೆ ಹೋದೆ, ಎದುರಿಗೆ ವಾರಗಿತ್ತಿ ಕೂತಿದ್ದಳು. ಅವಳ ಮುಂದೆ ನನ್ನದೇ ತಪ್ಪು ಅನ್ನುವುದು ಹೇಗೆ? ಹೇಳದೆಯೇ ಎದ್ದು ಬಂದೆ. ಮುಂದಿನ ಸಲ ಅಂದುಕೊಂಡೆ. ಮೆಣಸು ಕುಯ್ಲು ಬಂತು, ಕೆಲಸ ಅಂದುಕೊಂಡೆ. ಕೂಗುವಾಗ ಎಷ್ಟು ಸಲೀಸಾಗಿ ಬಂದಿತ್ತು ಇದೇ ಬಾಯಿಗೆ...

ಆ ಬೇಸಿಗೆಯಲ್ಲಿ ಎರಡನೆಯ ಅಲೆ ಬಂತು. ಈ ಸಲ ಕಾಯಿಲೆ ಹೇಗಿರುತ್ತದೆ ಅಂತ ಎಲ್ಲರೂ ನೋಡಿದೆವು. ಟೈಲರಣ್ಣನಿಗೆ ಉಸಿರು ಕಟ್ಟಿತು ಅಂತ ಹಾಸನಕ್ಕೆ ಕರೆದುಕೊಂಡು ಹೋದರು. ಎಂಟು ದಿನಕ್ಕೆ ಸುದ್ದಿ ಬಂತು. ಮುಖ ನೋಡಲೂ ಯಾರಿಗೂ ಸಿಗಲಿಲ್ಲ.

ಸಂಘ ಮತ್ತೆ ಸೇರಿದ ದಿನ ಎದ್ದು ನಿಂತು ಹೇಳಿದೆ. ಜೋರಾಗಿ, ಎಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ. ಸಂಜೆ ನಮ್ಮ ವಾರಗಿತ್ತಿ ಮೂರು ವರ್ಷದ ಮೇಲೆ ನಮ್ಮ ಬಾಗಿಲಿಗೆ ಬಂದಳು. "ನನ್ ನೇರಳೆ ಜಾಕೀಟಲ್ಲೂ ಪಟ್ಟಿ ಐತೆ ಅಕ್ಕ" ಅಂದಳು, ಅಲ್ಲೇ ಜಗಲಿಯಲ್ಲಿ ಕೂತಳು.

ಅಷ್ಟು ಹೊತ್ತಿಗೆ ಟೈಲರಣ್ಣನ ಹೆಂಡತಿ ಅಂಗಡಿ ಖಾಲಿ ಮಾಡಿ ಹೆಗ್ಗದ್ದೆಗೆ, ಮಗಳ ಮನೆಗೆ ಹೋಗಿದ್ದರು. ನಾನು ಹೇಳಿದ ಸಂಗತಿ ಅವರಿಗೆ ತಿಳಿಸಬೇಕು ಅಂತ ಇಷ್ಟು ವರ್ಷ ಅಂದುಕೊಂಡದ್ದೇ ಬಂತು. ಕೊನೆಗೆ ಹೋದ ವಾರ ಹೋದೆ. ಅಂಗಳದಲ್ಲಿ ಮೊರ ಇಟ್ಟುಕೊಂಡು ಕಾಳುಮೆಣಸು ಹಸನು ಮಾಡುತ್ತಿದ್ದರು. ನನ್ನ ಮಾತು ಮುಗಿಯುವವರೆಗೂ ತಲೆ ಎತ್ತಲಿಲ್ಲ.

"ಎಲ್ರಿಗೂ ಕೇಳಿಸ್ತಾ ಅಕ್ಕ?" ಅಂದರು.

ಕೇಳಿಸಿತು ಅಂದೆ.

"ಆಸ್ಪತ್ರೆಯಿಂದ ಕೊನೇ ಸಲ ಫೋನಲ್ಲಿ ಮಾತಾಡ್ದಾಗ್ಲೂ ಅದ್ನೇ ಕೇಳಿದ್ರು. ಅಕ್ಕ ಹೇಳಿದ್ರಾ ಅಂತ. ಹೂಂ, ಎಲ್ರ ಮುಂದೆ ಜೋರಾಗೇ ಹೇಳಿದ್ರಂತೆ ಅಂದ್ಬುಟ್ಟೆ."

ನಾನು ಕೊಟ್ಟ ಮಾತನ್ನು ಆ ಫೋನಿನಲ್ಲಿ ಒಂದು ಸುಳ್ಳು ಹೇಳಿ ಈಕೆ ನಡೆಸಿಕೊಟ್ಟಿದ್ದರು. ಟೈಲರಣ್ಣ ಹೋಗುವಾಗ ನನ್ನನ್ನು ನಂಬಿಕೊಂಡೇ ಹೋದರು... ಅವರ ಹೆಂಡತಿಯ ಎದುರಿಗೇ ಕೂತು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮೊರವನ್ನು ಪಕ್ಕಕ್ಕೆ ಇಟ್ಟು, ಕಾಫಿ ಇಡ್ತೀನಿ ಇರಿ ಅಂತ ಒಳಗೆ ಹೋದರು.