ಮುನಿಲಕ್ಷ್ಮಿ ಕೈಲಿರೋ ಜಾಕಿ ರಾಡು

ಪಾಲಮಲೆಯಿಂದ ಇಳಿದು ಬರೋ ಜೀಪಲ್ಲಿ ಹೆಂಗಸು ಸ್ಟೇರಿಂಗ್ ಹಿಡಿದು ಕೂತಿರೋದು ನೋಡಿ ಕೊಳತ್ತೂರು ಸಂತೇಲಿ ಜನ ಬಾಯಿ ಬಿಡ್ತಾರೆ. ಬಿಡ್ಲಿ, ನೊಣ ಓಗ್ಲಿ ಒಳಕ್ಕೆ. ಅವಳು ನನ್ನ ತಮ್ಮ ಪುಟ್ಟಪ್ಪನ ಹೆಂಡ್ತಿ, ಮುನಿಲಕ್ಷ್ಮಿ. ನಾನು ಎಲ್ಲಮ್ಮ. ನನ್ನ ಗಂಡ ತೀರ್ಕೊಂಡ ಮ್ಯಾಲೆ ಅವರ ಪಕ್ಕದಲ್ಲೇ ಗುಡಿಸಲು ಆಕ್ಕೊಂಡಿದೀನಿ, ನಡುವೆ ಒಂದು ಮುಳ್ಳು ಬೇಲಿ ಅಷ್ಟೆ. ಅವಳ ಎಡಗೈ ಮಣಿಕಟ್ಟು ಯಾಕೆ ಸೊಟ್ಟ ಐತೆ ಅಂತ ಎಲ್ಲಾರೂ ಕೇಳ್ತಾರೆ. ಹೇಳ್ತೀನಿ, ನಡುನಡುವೆ ಬಾಯಿ ಆಕಬ್ಯಾಡಿ.

ಆ ಜೀಪನ್ನ ಪುಟ್ಟಪ್ಪ ಓಮಲೂರಿನ ಗುಜರಿ ಅಂಗಡಿಯಿಂದ ಎಳೆಸ್ಕೊಂಡು ಬಂದಿದ್ದ. ಬಂದಾಗ ಬರೀ ತುಕ್ಕು, ಒಳಗೆ ಕೋಳಿ ಮೊಟ್ಟೆ ಇಕ್ಕೋದು. ಅಂಗಳದ ಹುಣಸೆ ಮರಕ್ಕೆ ಚೈನು ಕಟ್ಟಿ ಇಂಜಿನ್ ಎತ್ತಿದ. ತುಕ್ಕು ಕಚ್ಚಿದ ನಟ್ಟನ್ನ ಕೆಂಡದಲ್ಲಿ ಕಾಯಿಸಿ, ಡೀಸೆಲ್ ಬಿಟ್ಟು, ಸುತ್ತಿಗೇಲಿ ಮೆತ್ತಗೆ ತಟ್ಟಿ ತಟ್ಟಿ ಬಿಡಿಸೋನು. ಉದ್ದನೆ ಸ್ಕ್ರೂಡ್ರೈವರ್ ತುದೀನ ಇಂಜಿನ್ ಮ್ಯಾಲೆ ಇಟ್ಟು, ಹಿಡಿಗೆ ಕಿವಿ ಕೊಟ್ಟು, ಕಟಕಟ ಸದ್ದು ಎಲ್ಲಿಂದ ಬರ್ತೈತೆ ಅಂತ ಹುಡುಕೋನು. ಕೆಲಸಗಾರನೇ, ಇಲ್ಲ ಅನ್ನಲ್ಲ. ಆದ್ರೆ ಕಬ್ಬಿಣಕ್ಕೆ ತೋರಿಸಿದ ತಾಳ್ಮೇಲಿ ಒಂದು ಚೂರೂ ಆ ಹೆಂಗಸಿಗೆ ತೋರಿಸ್ಲಿಲ್ಲ. ಕಿತ್ತೋಗಿದ್ದ ಫ್ಯಾನ್ ಬೆಲ್ಟ್ ಒಂದನ್ನ ಬಾಗಿಲ ಮೊಳೆಗೆ ತಗಲಾಕಿದ್ದ, ಅವಳಿಗೆ ಬಾರಿಸಕ್ಕೆ ಅಂತಾನೇ. ಒಂದು ದಿನ ನಾನು ಬೇಲಿ ದಾಟಿ ಓಗಿ ಒನಕೆ ತಕೊಂಡು ಅವನ ಬೆನ್ನಿಗೆ ಬಿಟ್ಟಿದ್ದೆ. ಆವತ್ತು ನನ್ನ ಮುಂದೆ ಸುಮ್ಮನಾದ, ನಾನು ಈಚೆ ಬಂದ ಮ್ಯಾಲೆ ಅವಳಿಗೆ ಎರಡರಷ್ಟು ಕೊಟ್ಟ. ಮುಂಡೇದು.

ಬ್ರೇಕ್ ಕೆಲಸ ಒಬ್ಬರ ಕೈಲಿ ಆಗೋದಲ್ಲ. ಪೈಪಿನ ಒಳಗೆ ಗಾಳಿ ಸೇರ್ಕೊಂಡ್ರೆ ಬ್ರೇಕ್ ಹಿಡಿಯಲ್ಲ, ಆ ಗಾಳಿ ತೆಗೀಬೇಕು. ಒಬ್ಬರು ಸೀಟಲ್ಲಿ ಕೂತು ಪೆಡಲ್ ತುಳೀಬೇಕು, ಇನ್ನೊಬ್ಬರು ಅಡಿಗೆ ಮಲಗಿ ಚಕ್ರದ ಹಿಂದಿನ ಚಿಕ್ಕ ನಟ್ಟು ಸಡಿಲ ಮಾಡಿ ಗಾಳಿ ಬಿಡ್ಬೇಕು. ನಟ್ಟು ಮತ್ತೆ ಬಿಗಿಯೋ ತನಕ ಮೇಲಿರೋರು ಕಾಲು ಎತ್ತಂಗಿಲ್ಲ. ಎತ್ತಿದ್ರೆ ಗಾಳಿ ಮತ್ತೆ ಒಳಕ್ಕೆ ಓಯ್ತದೆ, ಮಾಡಿದ್ದೆಲ್ಲಾ ದಂಡ. ಮೇಲೆ ಯಾವತ್ತೂ ಮುನಿಲಕ್ಷ್ಮಿ, ಕೆಳಗೆ ಪುಟ್ಟಪ್ಪ. "ತುಳಿ" ಅಂತಾನೆ, ತುಳೀತಾಳೆ. "ಬಿಡು" ಅಂತಾನೆ, ಬಿಡ್ತಾಳೆ.

ಆ ವಾರ ಹುಣಸೆ ಮೂಟೆ ಏರಿಸ್ಕೊಂಡು ಇಳಿಯುವಾಗ ತಿರುವಲ್ಲಿ ಬ್ರೇಕ್ ಕೈಕೊಟ್ಟು, ಜೀಪನ್ನ ದಿಣ್ಣೆಗೆ ಗುದ್ದಿ ನಿಲ್ಲಿಸಿದ್ದ. ಅದಕ್ಕೇ ಸಂತೆ ದಿನ ರಿಪೇರಿಗೆ ಕೂತ. ಊರ ಗಂಡಸರೆಲ್ಲ ನಡ್ಕೊಂಡೇ ಕೆಳಗೆ ಓಗಿದ್ರು. ಹಿಂದಿನ ಚಕ್ರ ಎರಡೂ ಬಿಚ್ಚಿ, ಆಕ್ಸಲ್ ನಡುವಿಗೆ ಆಯಿಲ್ ಜಾಕಿ ಕೊಟ್ಟು, ಜಾಕಿ ಪಕ್ಕ ಆಕ್ಸಲ್ ಅಡಿಗೇ ಒಂದು ಹುಣಸೆ ದಿಮ್ಮಿ ಇಟ್ಟಿದ್ದ. ಜಾಕಿ ಜಾರಿದ್ರೂ ದಿಮ್ಮಿ ಜೀಪನ್ನ ಹೊತ್ಕೊಂಡಿರ್ತದೆ, ಜೀವ ಕಾಯೋದು ಅದೇ.

ಬೆಳಿಗ್ಗೆಯಿಂದ ತುಳಿದೂ ತುಳಿದೂ ಅವಳ ಮೀನಖಂಡ ಹಿಡ್ಕೊಂತು. ನಟ್ಟು ಬಿಗಿಯೋ ಮುಂಚೇನೇ ಕಾಲು ಎತ್ಬಿಟ್ಲು. ಅಷ್ಟೇ ನೋಡಿ. ಜೀಪಿನ ಅಡಿಯಿಂದ ಆಚೆ ಬಂದ, ಕೂದಲು ಹಿಡಿದು ಎಳೆದು ಕೆಡವಿದ, ಮುಖಕ್ಕೆ ಗುದ್ದಿದ. ಅವಳ ತುಟಿ ಒಡೆದು ರವಿಕೆ ಎಲ್ಲಾ ರಕ್ತ. ನಾನು ರಾಗಿ ಕೇರ್ತಾ ಇದ್ದೋಳು ಮೊರ ಬಿಸಾಕಿ, "ಡೇಯ್, ಬಿಡೋ ಅವಳ್ನ!" ಅಂತ ಓಡ್ದೆ. ಅವಳು ಎದ್ದು ಓಡಕ್ಕೆ ನೋಡಿದ್ಲು. ಆ ಪಾಪಿ ಕೈಗೆ ಸಿಕ್ಕಿದ್ದು ಏನು ಗೊತ್ತಾ? ಆಕ್ಸಲ್ ಅಡಿಯಲ್ಲಿದ್ದ ದಿಮ್ಮಿ. ಅದನ್ನೇ ಕಿತ್ತು ಬೀಸಿ ಎಸೆದ. ತಲೆಗೆ ಬೀಳೋದಕ್ಕೆ ಅವಳು ಎಡಗೈ ಅಡ್ಡ ಕೊಟ್ಲು. ಮೂಳೆ ಲಟಕ್ ಅಂದಿದ್ದು ಬೇಲಿ ಹತ್ರ ಇದ್ದ ನಂಗೂ ಕೇಳಿಸ್ತು.

"ಹತ್ತೇ ಮೇಲೆ! ತುಳಿ!" ಅಂತ ಅರಚಿ ಮತ್ತೆ ಅಡಿಗೆ ನುಗ್ಗಿದ. ದಿಮ್ಮಿ ಅಂಗಳದ ಆ ತುದೀಲಿ ಬಿದ್ದಿತ್ತು. ಕೋಪದಲ್ಲಿ ಅದರ ನೆನಪೇ ಇಲ್ಲ. ಅವಳು ಮುರಿದ ಕೈನ ಎದೆಗೆ ಅವುಚ್ಕೊಂಡು ಸೀಟ್ ಹತ್ತಿದ್ಲು. ಅವನು ನಟ್ಟಿಗೆ ಸ್ಪಾನರ್ ಕೊಟ್ಟು, ಸ್ಪಾನರ್ ಮ್ಯಾಲೆ ಸುತ್ತಿಗೇಲಿ ಬಡಿದ, ಮೆತ್ತಗಲ್ಲ, ಅವಳಿಗೆ ಬಡಿದಂಗೇ. ಜೀಪು ಅಲ್ಲಾಡ್ತು, ಜಾಕಿ ಮಣ್ಣಲ್ಲಿ ವಾಲ್ತು, ಧಡ್ ಅಂತ ಇಡೀ ಹಿಂಭಾಗ ಅವನ ಮ್ಯಾಲೆ ಕೂತ್ಕೊಂತು.

ಅಂಥ ಕೂಗು ನಾನು ಕೇಳಿರಲಿಲ್ಲ. ಬ್ರೇಕ್ ಡ್ರಮ್ಮು ಬಲತೊಡೆ ಮ್ಯಾಲೆ, ಜೀಪಿನಡಿ ಕಬ್ಬಿಣ ಎದೆ ಮ್ಯಾಲೆ. ರಕ್ತ ಮಣ್ಣಲ್ಲಿ ಹರೀತಾ ಬಂತು. ನಾನು ಬಂಪರ್ ಹಿಡಿದು ಎತ್ತಿದೆ, ಕದಲ್ಲಿಲ್ಲ. ನಂಗೆ ಜಾಕಿ ಆಕೋದು ಬರಲ್ಲ, ಊರಲ್ಲಿ ಒಂದು ಗಂಡಸಿಲ್ಲ. ಅವನ ಜೀವ ಅವಳ ಒಬ್ಬಳ ಕೈಲಿತ್ತು, ಅದೂ ಒಂದೇ ಕೈಲಿ.

"ಮುನಿಲಕ್ಷ್ಮೀ, ಎತ್ತೇ! ನನ್ನ ತಮ್ಮ ಕಣೇ!" ಅಂದೆ. ಅವಳು ಕೆಳಗಿಳಿದು ಅವನ್ನೇ ನೋಡ್ತಾ ನಿಂತ್ಲು. "ದಿಮ್ಮಿ ಎಲ್ಲೈತೆ ಅಂತ ಅವರ್ನೇ ಕೇಳಿ, ಅತ್ತಿಗೆ" ಅಂದ್ಲು. ಅವಳ ಕಾಲು ಹಿಡಿಯೋದೊಂದು ಬಾಕಿ ಇತ್ತು, ಅದಕ್ಕೂ ಬಗ್ಗಿದೆ. ಆಗ ಅಲ್ಲಾಡಿದ್ಲು. ಚಪ್ಪಡಿ ಕಲ್ಲು ಒಂದನ್ನ ಕಾಲಲ್ಲಿ ನೂಕಿ, ಅದರ ಮ್ಯಾಲೆ ಜಾಕಿ ನಿಲ್ಲಿಸಿ, ರಾಡು ಸಿಕ್ಕಿಸಿ ಬಲಗೈಲಿ ಒತ್ತಿದ್ಲು. ಜೀಪು ಎದೆಯಿಂದ ಚೂರು ಎದ್ದಿತು, ಅವನಿಗೆ ಉಸಿರು ಬಂತು.

ಉಸಿರು ಬಂದಿದ್ದೇ ತಡ, "ಬೇಗ ಎತ್ತೇ ಬೇವರ್ಸಿ!" ಅಂತ ಬೈದ. ನನ್ನ ಒಡಹುಟ್ಟಿದೋನೇ, ಆದ್ರೂ ಹೇಳ್ತೀನಿ, ಆ ಗಳಿಗೆ ನಂಗೇ ಜೀಪು ಇಳಿಸ್ಬಿಡೋಣ ಅನ್ನಿಸ್ತು.

ಮುನಿಲಕ್ಷ್ಮಿ ಒತ್ತೋದು ನಿಲ್ಲಿಸಿದ್ಲು. ರಾಡು ಈಚೆಗೆ ಎಳೆದು, ಅದರ ತುದೀನ ಜಾಕಿ ಬುಡದ ತಿರುಪಿಗೆ ಕೊಟ್ಲು. ಆ ತಿರುಪು ಸಡಿಲ ಆದ್ರೆ ಎತ್ತಿದ್ದೆಲ್ಲಾ ಸರ್ರನೆ ಇಳೀತದೆ. ಬಗ್ಗಿ ಅವನ ಮುಖದ ಹತ್ರ ಬಾಯಿಟ್ಟು ಕೇಳಿದ್ಲು.

"ಬಿಡ್ಲಾ?"

ಅವನು ಕಣ್ಣು ಅರಳಿಸ್ಕೊಂಡು ರಾಡನ್ನೇ ನೋಡ್ದ. "ಬ್ಯಾಡ" ಅಂದ.

"ಕೇಳಿಸ್ಲಿಲ್ಲ. ಬಿಡ್ಲಾ?"

"ಬ್ಯಾಡಮ್ಮಾ, ಬ್ಯಾಡ ತಾಯೀ" ಅಂತ ಮಗು ತರ ಅತ್ತ.

ಆಗ ನನ್ನ ಕಡೆ ತಿರುಗಿ, "ದಿಮ್ಮಿ ತಕೊಂಬನ್ನಿ, ಅತ್ತಿಗೆ" ಅಂದ್ಲು. ಮತ್ತೆ ಒತ್ತಿ ಎತ್ತಿ, ದಿಮ್ಮಿ ಕೊಟ್ಟು, ಕಾಲಲ್ಲಿ ಒದ್ದು ಗಟ್ಟಿ ಐತಾ ಅಂತ ನೋಡಿ, ಆಮ್ಯಾಲೆ ಎಳೀರಿ ಅಂದ್ಲು. ನಾನು ಅವನ ತೋಳು ಹಿಡಿದು ಎಳೆದೆ. ಅವಳು ತನ್ನ ಸೆರಗನ್ನ ಹಲ್ಲಲ್ಲಿ ಕಚ್ಚಿ ಹರಿದು, ಒಂದು ತುದಿ ನನ್ನ ಕೈಗೆ ಕೊಟ್ಟು ಅವನ ತೊಡೆಗೆ ಬಿಗಿದು ಕಟ್ಟಿದ್ಲು. ಸಂತೆಯಿಂದ ಬಂದೋರು ಡೋಲಿ ಕಟ್ಟಿ ಇಬ್ಬರನ್ನೂ ಕೆಳಗೆ ಕರ್ಕೊಂಡೋದ್ರು. "ಕಾಲು ಪೋಚ್ಚು, ಉಯಿರು ಇರುಕ್ಕು" ಅಂದ್ಲು ಆಸ್ಪತ್ರೆ ನರ್ಸಮ್ಮ ತಮಿಳಲ್ಲಿ. ಕಾಲು ಓಯ್ತು, ಜೀವ ಐತೆ ಅಂತ.

ಈಗ ಜೀಪು ಓಡಿಸೋಳು ಅವಳು, ರಿಪೇರಿ ಮಾಡೋಳೂ ಅವಳೇ. ಫ್ಯಾನ್ ಬೆಲ್ಟನ್ನ ಒಲೆಗೆ ಆಕಿದ್ಲು, ಮನೆ ಎಲ್ಲಾ ನಾತ. ಬ್ರೇಕ್ ಕೆಲಸ ಬಂದ್ರೆ ಪುಟ್ಟಪ್ಪ ಕೋಲು ಊರ್ಕೊಂಡು ಬಂದು ಸೀಟ್ ಹತ್ತಿ ಉಳಿದಿರೋ ಕಾಲಲ್ಲಿ ಪೆಡಲ್ ತುಳೀತಾನೆ. ಅವಳು ದಿಮ್ಮಿ ಆ ಕಡೆ ಒಂದು, ಈ ಕಡೆ ಒಂದು ಕೊಟ್ಟು ಅಡಿಗೆ ಓಯ್ತಾಳೆ. ಅವನು ಈಗ ಕೈ ಎತ್ತಲ್ಲ, ಬೈಯಲ್ಲ, ಕೇಳಿದ್ದಕ್ಕೆ ಹೂಂ ಅಂತಾನೆ. ಬುದ್ಧಿ ಬಂತು ಅಂತ ನಂಗೆ ಸಂತೋಷಾನೇ ಆಗಿತ್ತು.

ಮೊನ್ನೆ ಅವಳು ಜೀಪಿನಡಿ ನುಸುಳೋವಾಗ ನೋಡಿದೆ, ಜಾಕಿ ರಾಡನ್ನೂ ಜೊತೇಲೇ ಎಳ್ಕೊಂಡು ಓದ್ಲು. "ಅದ್ಯಾಕೆ ಒಳಗೆ? ಇಕ್ಕಟ್ಟಾಯ್ತದೆ, ಆಚೆ ಮಡಗೇ" ಅಂದೆ.

"ಆಚೆ ನಿಮ್ಮ ತಮ್ಮ ಅವ್ರೆ ಅತ್ತಿಗೆ" ಅಂದ್ಲು ಅಡಿಯಿಂದ.