ಮಾವನ ಮೊಬೈಲಿಗೆ ಹೋದ ಒಟಿಪಿ

ನಿನ್ನೆ ಮಧ್ಯಾಹ್ನ ಮೂರೂವರೆಗೆ ನಮ್ಮ ಮಾವ ನನ್ನನ್ನು ಕಳ್ಳ ಅಂತ ತೀರ್ಮಾನಿಸಿ ಫೋನ್ ಕಟ್ ಮಾಡಿದರು.

ತಪ್ಪು ಅವರದಲ್ಲ. ಪೂರ್ತಿ ನನ್ನದೇ.

ವಿಷಯ ಏನೆಂದರೆ, ನಲವತ್ತೆರಡನೇ ವಯಸ್ಸಿನಲ್ಲಿ ನಾನು ಪಾರ್ಟ್ ಟೈಮ್ ಪಿಎಚ್‌ಡಿ ಮಾಡುತ್ತಿದ್ದೇನೆ. ನಗಬೇಡಿ, ಮನೆಯಲ್ಲಿ ಆಗಲೇ ನಕ್ಕು ಮುಗಿಸಿದ್ದಾರೆ.

ಈ ವರ್ಷದ ಪ್ರೋಗ್ರೆಸ್ ರಿಪೋರ್ಟನ್ನು ನಿನ್ನೆ ಸಂಜೆ ಐದರೊಳಗೆ ಅಪ್‌ಲೋಡ್ ಮಾಡಬೇಕಿತ್ತು. ತಪ್ಪಿದರೆ ರಿಜಿಸ್ಟ್ರೇಷನ್ ರದ್ದು, ಮೂರು ವರ್ಷದ ಓದು ನೀರುಪಾಲು.

ಆ ಪೋರ್ಟಲ್ ಯೂನಿವರ್ಸಿಟಿಯ ನೆಟ್‌ವರ್ಕ್‌ನಲ್ಲಿ ಮಾತ್ರ ತೆರೆಯುತ್ತದೆ. ಕ್ಯಾಂಪಸ್ ಇರುವುದು ಬೆಂಗಳೂರಿನ ಆ ತುದಿಯಲ್ಲಿ, ಪೀಣ್ಯದಿಂದಾಚೆ; ನಾನಿರುವುದು ಈ ತುದಿಯ ಚಂದಾಪುರದಲ್ಲಿ. ಹೊರಗಿನಿಂದ ಒಳಗೆ ಹೋಗಲು ವಿಪಿಎನ್ ಬೇಕು, ವಿಪಿಎನ್‌ಗೆ ಒಟಿಪಿ ಬೇಕು.

ನನಗೇನು ಭಯ? ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ನನ್ನ ಕೆಲಸವೇ ಇದು. ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಕನೆಕ್ಟ್ ಆಗದೆ ಒದ್ದಾಡುವವರ ಫೋನ್ ಎತ್ತಿ, "ಸಾರ್, ಇನ್‌ಸ್ಟ್ರಕ್ಷನ್ ಮೇಲ್ ಓದಿದ್ರಾ?" ಅಂತ ಕೇಳುವ ಪುಣ್ಯಾತ್ಮ ನಾನೇ. ಹಾಗಾಗಿ ಕೊನೆಯ ದಿನದವರೆಗೂ ಆರಾಮಾಗಿ ಕೂತಿದ್ದೆ.

ಯೂಸರ್ ನೇಮ್ ಹಾಕಿದೆ, ಪಾಸ್‌ವರ್ಡ್ ಹಾಕಿದೆ. ಒಟಿಪಿ ಕಳಿಸಿದ್ದೇವೆ ಅಂತ ಬಂತು. ನನ್ನ ಮೊಬೈಲ್ ಮಾತ್ರ ಸುಮ್ಮನಿತ್ತು...

ಮೂರು ಸಲ ಹೀಗೇ ಆದ ಮೇಲೆ ಸ್ಕ್ರೀನಿನಲ್ಲಿದ್ದ ನಂಬರಿನ ಕೊನೆಯ ಎರಡು ಅಂಕಿ ನೋಡಿದೆ. ಅಯ್ಯೋ, ಅದು ಮಾವನ ನಂಬರ್!

ಅಡ್ಮಿಷನ್ ದಿನ ಬಾಗಲಗುಂಟೆಯ ತಮ್ಮ ಮನೆಯಿಂದ ಅವರೂ ಜೊತೆಗೆ ಬಂದಿದ್ದರು. ನನ್ನ ಮೊಬೈಲ್ ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಕೌಂಟರಿನಲ್ಲಿ ಕೇಳಿದಾಗ ಅವರ ನಂಬರ್ ಬರೆಸಿ, ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡಿದ್ದೆ. ಅಲ್ಲಿಂದ ಮೊನ್ನೆಯವರೆಗೂ ಕ್ಯಾಂಪಸ್ಸಿಗೇ ಹೋಗಿ ಕೆಲಸ ಮುಗಿಸುತ್ತಿದ್ದೆ, ಮರೆತೇ ಹೋಗಿತ್ತು.

ತಕ್ಷಣ ಫೋನ್ ಮಾಡಿದೆ. ಅಷ್ಟರಲ್ಲಿ ಕೇಳದೇ ಬಂದ ಮೂರು ಒಟಿಪಿ ನೋಡಿ ಮಾವ ಹುಷಾರಾಗಿದ್ದರು.

"ಮಾವ, ಒಂದು ಒಟಿಪಿ ಬಂದಿದೆ, ಬೇಗ ಹೇಳಿ."

"ಹೇಳಕ್ಕಾಗಲ್ಲ."

ಯುಗಾದಿಗೆ ಹೋದಾಗ ಒಬ್ಬಟ್ಟು ತಿನ್ನುತ್ತಾ ನಾನೇ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಈಗಿನ ಕಳ್ಳರು ದನಿಯನ್ನೂ ನಕಲು ಮಾಡುತ್ತಾರೆ, ನನ್ನ ನಂಬರಿನಿಂದ ನಾನೇ ಕೇಳಿದರೂ ಒಟಿಪಿ ಕೊಡಬೇಡಿ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ ಅಂತ.

ಮಾವ ಪೀಣ್ಯದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಲೇತ್ ಓಡಿಸಿ ರಿಟೈರ್ ಆದವರು. ಡ್ರಾಯಿಂಗ್‌ನಲ್ಲಿ ಅಳತೆ ಎಷ್ಟಿದೆಯೋ ಅಷ್ಟೇ, ಒಂದು ಕೂದಲೆಳೆ ಆಚೆ ಈಚೆ ಇಲ್ಲ.

"ಹೋದ ತಿಂಗಳು ನಂಗೆ ಪೊರೆ ಆಪರೇಷನ್ ಆಯ್ತಲ್ಲ, ಯಾವ ಕಣ್ಣಿಗೆ ಹೇಳಿ ನೋಡೋಣ?"

ಆಪರೇಷನ್ ಆಗಿದ್ದು ಗೊತ್ತಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಕೈಮುಗಿಯುವ ಇಮೋಜಿಯನ್ನೂ ಹಾಕಿದ್ದೆ. ನೋಡಲು ಹೋಗಿರಲಿಲ್ಲ, ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಇತ್ತು.

"ಎಡಗಣ್ಣು...?"

"ಯಾವನಲೇ ನೀನು? ನಮ್ಮ ಅಳಿಯನ ದನಿ ಕದ್ಕೊಂಡು ಬಂದಿದ್ಯಾ?"

ಕಟ್. ಮತ್ತೆ ಮಾಡಿದರೆ ರಿಂಗೇ ಆಗಲಿಲ್ಲ. ನಂಬರ್ ಬ್ಲಾಕ್ ಮಾಡುವುದನ್ನು ಕಲಿಸಿದವನೂ ನಾನೇ!

ಹೆಂಡತಿ ಸವಿತಾ ಸ್ಕೂಲ್ ಟೀಚರ್, ನಾಲ್ಕು ಗಂಟೆಯವರೆಗೂ ಫೋನ್ ಮುಟ್ಟುವ ಹಾಗಿಲ್ಲ. ಆ ಅರ್ಧ ಗಂಟೆ ನಾನು ಗಡಿಯಾರ ನೋಡಿದ ಹಾಗೆ ಮದುವೆ ಮುಹೂರ್ತದಲ್ಲೂ ನೋಡಿರಲಿಲ್ಲ.

ನಾಲ್ಕು ಹತ್ತಕ್ಕೆ ಅವಳು ಸಿಕ್ಕಳು. ಎಲ್ಲ ಕೇಳಿದ ಮೇಲೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ರೀ, ನಿಮ್ಗೆ ನಿಜವಾಗ್ಲೂ ಯಾವ ಕಣ್ಣು ಅಂತ ಗೊತ್ತಿರ್ಲಿಲ್ವಾ?"

ಅವಳೇ ಅಪ್ಪನನ್ನು ಕಾನ್ಫರೆನ್ಸ್ ಕಾಲ್‌ಗೆ ಸೇರಿಸಿ, ಇವರು ಅಸಲಿ ಅಂತ ಸಾಕ್ಷಿ ಹೇಳಿದಳು. ಮಾವ ಕನ್ನಡಕ ಹುಡುಕಿ ಒಂದೊಂದೇ ಅಂಕಿ ಓದುವಷ್ಟರಲ್ಲಿ ಹೊಸದಾಗಿ ತರಿಸಿದ ಮೊದಲ ಒಟಿಪಿಯ ಟೈಮ್ ಮುಗಿಯಿತು. ಎರಡನೆಯದಕ್ಕೆ ಕನೆಕ್ಟ್ ಆಯಿತು. ಐದಕ್ಕೆ ಹತ್ತು ನಿಮಿಷ ಇರುವಾಗ ರಿಪೋರ್ಟ್ ಅಪ್‌ಲೋಡ್ ಆಯಿತು, ಪಿಎಚ್‌ಡಿ ಉಳಿಯಿತು.

ಥ್ಯಾಂಕ್ಸ್ ಹೇಳಿ ಫೋನ್ ಇಡಲು ಹೊರಟೆ. ಮಾವ ತಡೆದರು.

"ಬಲಗಣ್ಣು, ಅಳಿಯಂದ್ರೆ. ಬರೋ ತಿಂಗಳು ಎಡಗಣ್ಣಿಗೆ ಮಾಡ್ತಾರಂತೆ. ನೀವು ಬರ್ಬೇಕು ಅಂತೇನಿಲ್ಲ, ನಿಮ್ಗೂ ಕೆಲ್ಸ ಇರುತ್ತೆ. ನೆನಪಿಟ್ಕೊಂಡ್ರೆ ಸಾಕು."

ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ನಾಚಿಕೆ ನನಗೆ ಇತ್ತೀಚೆಗೆ ಆಗಿರಲಿಲ್ಲ.

ಇವತ್ತು ಬೆಳಗ್ಗೆ ಬರುವ ತಿಂಗಳಿಗೆ ಎರಡು ದಿನ ರಜೆ ಹಾಕಿದೆ. ಕಾರಣ ಬರೆಯುವ ಜಾಗದಲ್ಲಿ 'ಮಾವನವರ ಎಡಗಣ್ಣು' ಅಂತ ಬರೆದಿದ್ದೇನೆ, ಮ್ಯಾನೇಜರ್ ಏನು ಬೇಕಾದರೂ ಅಂದುಕೊಳ್ಳಲಿ.

ನಿಮ್ಮ ಮನೆಯ ಹಿರಿಯರು ಹೀಗೆ ಒಂದೇ ಒಂದು ಪ್ರಶ್ನೆ ಕೇಳಿದರೆ, ನೀವು ಅಸಲಿ ಅಂತ ಸಾಬೀತು ಮಾಡುತ್ತೀರಾ?