ಹುನ್ನೂರಿನ ಬೇಲಿಯ ತಾಯವ್ವ

ಮೂಡಣ ಇನ್ನೂ ಕೆಂಪೇರಿಲ್ಲ. ಜಮಖಂಡಿ ಸಂಸ್ಥಾನದ ಹುನ್ನೂರಿನಾಚೆ, ಕಲ್ಲುಹರಳು ತುಂಬಿದ ಗರಸು ನೆಲದ ಹೊಲವೊಂದರಲ್ಲಿ ತಾಯವ್ವ ಕಚ್ಚೆ ಬಿಗಿದು ಹಾರೆ ಎತ್ತಿ ಕುಕ್ಕುತ್ತಿದ್ದಾಳೆ. ಒಂದೊಂದು ಪೆಟ್ಟಿಗೂ ಬೆರಳುದ್ದದ ಮಣ್ಣು ಏಳುತ್ತದೆ. ಮೊಳದಷ್ಟು ಆಳವಾದರೆ ಒಂದು ಕುಣಿ, ಕುಣಿಗೊಂದು ಗೂಟ. ಹೊತ್ತು ಮುಳುಗುವುದರೊಳಗೆ ಮೂವತ್ತೆರಡು ಗೂಟ ನಿಲ್ಲಬೇಕು, ನಡುವೆ ಜಾಲಿ ಮುಳ್ಳು ಹೆಣೆಯಬೇಕು. ಬೇರೆ ದಿನಗಳಲ್ಲಿ ಆಕೆಯ ಕೆಲಸ ದಿನಕ್ಕೆ ಇಪ್ಪತ್ತೇ ಗೂಟ.

ಅವಸರಕ್ಕೆ ಕಾರಣ ತೋಳ. ಕುರುಬ ಭೀಮಪ್ಪ ಗೊಬ್ಬರಕ್ಕೆಂದು ಈ ಹೊಲದಲ್ಲಿ ಕುರಿ ನಿಲ್ಲಿಸಿ ಪಕ್ಕದಲ್ಲೇ ಗುಡಿಸಲು ಹಾಕಿದ್ದಾನೆ; ಬೇಲಿ ಎರಡನ್ನೂ ಸುತ್ತಬೇಕು. ಮೊನ್ನೆ ಎರಡು ಮರಿ ಹೋದವು. ನಿನ್ನೆ ಹಾಡಹಗಲೇ ತೋಳ ಅವನ ಗುಡಿಸಲ ಹಿಂದೆ ಬಂದು ನಿಂತಿತ್ತು. ಗುಡಿಸಲಲ್ಲಿ ಅವನ ಹೆಂಡತಿ ಹಾಲವ್ವ, ಎಂಟು ದಿನದ ಬಾಣಂತಿ. ಜ್ವರದಿಂದ ಏಳಲಾರಳು, ಆದರೂ ತೋಳದ ಹೆದರಿಕೆಗೆ ಕೂಸನ್ನು ಎದೆಯಿಂದ ಇಳಿಸುವುದಿಲ್ಲ.

"ಯವ್ವಾ, ಮುಗೀತೈತೇನ ಇವತ್ತ?" ಒಳಗಿಂದ ಹಾಲವ್ವ ಕೇಳುತ್ತಾಳೆ. ಆಗಲೇ ನಾಲ್ಕು ಸಲ ಕೇಳಿದ್ದಾಳೆ.

"ಮುಗಸ್ತೇನವಾ. ನೀ ಸುಮ್ನ ಮಲಕೋ," ಎನ್ನುತ್ತಾಳೆ ತಾಯವ್ವ. ಪತ್ರಿಕೆಯ ಕೆಲಸಕ್ಕೆ ಊರಿಗೆ ಬಂದು ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿದಾಗ ಮುಖದಲ್ಲಿ ಆ ಧೈರ್ಯವಿಲ್ಲ.

ಬೇಲಿ ಹಾಕುವುದು ಮೊದಲು ಗಂಡ ಗೂಳಪ್ಪನ ಕಸುಬು. ಜಾಲಿ ಮುಳ್ಳು ಬಡಿದು ಒಂದು ಕಣ್ಣು ಹೋಯಿತು, ವರ್ಷದೊಳಗೆ ಇನ್ನೊಂದೂ ಮಂಕಾಯಿತು. ಅಂದಿನಿಂದ ಒಂಬತ್ತು ವರ್ಷ ಹಾರೆ ತಾಯವ್ವನ ಕೈಯಲ್ಲಿದೆ. ಮುಳ್ಳು ಕಡಿಯಲು ಕೊಡಲಿ, ಸವರಲು ಕುಡುಗೋಲು, ಮುಳ್ಳನ್ನು ಮೈಗೆ ತಾಗದಂತೆ ಒತ್ತಿ ಕೂರಿಸಲು ಎರಡು ಕವಲಿನ ಕೋಲು. ಗೂಳಪ್ಪ ಮನೆಯಲ್ಲಿ ಕುಳಿತು, ಹೆಬ್ಬೆರಳಲ್ಲಿ ಅಲಗು ಸವರಿ ನೋಡುತ್ತ ಎಲ್ಲವನ್ನೂ ಮಸೆದು ಕೊಡುತ್ತಾನೆ.

ಹದಿನೈದನೆಯ ಕುಣಿಯಲ್ಲಿ ಠಣ್ ಎಂದು ಸದ್ದಾಗುತ್ತದೆ. ತಾಯವ್ವ ಹಾರೆ ಎತ್ತುತ್ತಾಳೆ. ಅದರ ಮೂತಿ ಮುರಿದು ಚೂರಾಗಿ ಕುಣಿಯಲ್ಲೇ ಉಳಿದಿದೆ. ಹಾರೆ ಹೆಗಲಿಗಿಟ್ಟು ಊರ ದಾರಿ ಹಿಡಿಯುತ್ತಾಳೆ, ಅರ್ಧ ಓಡುತ್ತಾಳೆ. ನಾನು ಹಿಂದೆ ಬೀಳುತ್ತೇನೆ.

ಕಮ್ಮಾರ ಈರಪ್ಪ ಹಾರೆ ತಿರುಗಿಸಿ ನೋಡಿ ತಲೆಯಾಡಿಸುತ್ತಾನೆ. "ಉಳಿದದ್ದು ಬರೇ ಮೆತ್ತನ ಕಬ್ಬಣ. ಗರಸಿಗೆ ಬಾಗತೈತಿ. ಮೂತಿಗೆ ಉಕ್ಕ ಬೇಕವಾ. ಯುದ್ಧ ಸುರುವಾದಾಗಿಂದ ಉಕ್ಕಿನ ತುಣುಕ ಸೈತ ಸಿಗವಲ್ದು. ನಿನ್ನ ಕೊಡ್ಲಿ ತಂದರ ಕಡದ ಹಚ್ಚಬಹುದು."

ಕೊಡಲಿ ಮಸೆಯಲು ಗೂಳಪ್ಪನ ಬಳಿ ಇದೆ. ಅದು ಅವನು ಹರೆಯದಲ್ಲಿ ಲೋಕಾಪುರದಿಂದ ತಂದದ್ದು. ಕಣ್ಣು ಹೋದ ಮೇಲೂ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನಂತೆ. ತಾಯವ್ವ ಹೊಸ್ತಿಲಲ್ಲಿ ನಿಂತು ವಿಷಯ ಹೇಳುತ್ತಾಳೆ. ಅವನು ತೊಡೆಯ ಮೇಲಿದ್ದ ಕೊಡಲಿಯ ಅಲಗಿನ ಮೇಲೆ ಬೆರಳಾಡಿಸುತ್ತ ಕೂರುತ್ತಾನೆ.

"ಕೂಸು ಎಷ್ಟ ದಿನದ್ದು?"

"ಎಂಟ ದಿನದ್ದು."

"ಮತ್ತ ಕೇಳಕೋಂತ ಯಾಕ ನಿಂತಿ? ಹೊತ್ತ ಹೋಕ್ಕೈತಿ, ಒಯ್ಯಿ."

ಈರಪ್ಪ ಊಟಕ್ಕೂ ಏಳದೆ ಬಡಿಯುತ್ತಾನೆ. ಕೊಡಲಿಯ ಉಕ್ಕು ಕೆಂಪಗೆ ಕಾದು ಹಾರೆಯ ತುದಿಗೆ ಕೂಡಿಕೊಳ್ಳುವವರೆಗೆ ತಾಯವ್ವ ಬಾಗಿಲಲ್ಲಿ ನಿಂತು ನೆರಳು ಉದ್ದವಾಗುವುದನ್ನೇ ನೋಡುತ್ತಿರುತ್ತಾಳೆ. ನಾವು ಹೊಲಕ್ಕೆ ಮರಳಿದಾಗ ಸೂರ್ಯ ಪಡುವಣಕ್ಕೆ ವಾಲಿದ್ದಾನೆ. ಇನ್ನೂ ಹದಿನೆಂಟು ಕುಣಿ ಬಾಕಿ.

ಆಕೆ ನೀರನ್ನೂ ಕುಡಿಯದೆ ತೋಡುತ್ತಾಳೆ. ಭೀಮಪ್ಪ ಗೂಟ ನಿಲ್ಲಿಸುತ್ತಾನೆ, ನಾನು ಮುಳ್ಳಿನ ಹೊರೆ ಎಳೆಯುತ್ತೇನೆ. ಆಕೆಯ ಅಂಗೈ ಒಡೆದು ಹಾರೆ ಒದ್ದೆಯಾಗುತ್ತದೆ. ಸೆರಗು ಹರಿದು ಸುತ್ತಿಕೊಂಡು ಮತ್ತೆ ಕುಕ್ಕುತ್ತಾಳೆ. ಕೊನೆಯ ಎರಡು ಗೂಟಗಳ ನಡುವೆ ತೆರೆದ ಜಾಗ ಉಳಿದಾಗ ಕುರಿಗಳು ಒಮ್ಮೆಲೇ ಒಂದೇ ಕಡೆಗೆ ತಲೆ ಎತ್ತುತ್ತವೆ. ಹಳ್ಳದ ದಂಡೆಯ ಮೇಲೆ ಬೂದು ಬಣ್ಣದ್ದೊಂದು ನಿಂತಿದೆ.

"ಎಲ್ಲಾರೂ ಒಳಗ ಬರ್ರಿ!" ಎನ್ನುತ್ತಾಳೆ ತಾಯವ್ವ. ಒಳಗಿನಿಂದಲೇ ಕವಲುಕೋಲಿನಲ್ಲಿ ಮುಳ್ಳಿನ ಹೊರೆ ಸೆಳೆದು ಕಂಡಿ ಮುಚ್ಚುತ್ತಾಳೆ. ನಾವೂ ಒಳಗೇ ಉಳಿಯುತ್ತೇವೆ.

ಬೆಳಗಾದಾಗ ಬೇಲಿಯ ಸುತ್ತ ಹೆಜ್ಜೆಗಳಿವೆ. ಎರಡು ಕಡೆ ಮಣ್ಣು ಕೆರೆದಿದೆ. ಒಂದು ಮರಿಯೂ ಹೋಗಿಲ್ಲ. ಹಾಲವ್ವನ ಜ್ವರ ಇಳಿದಿಲ್ಲ, ಆದರೆ ಕೂಸನ್ನು ಪಕ್ಕದಲ್ಲಿ ಮಲಗಿಸಿ ನಿದ್ದೆ ಹೋಗಿದ್ದಾಳೆ.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಾಗ ತಾಯವ್ವ ನಾಚಿ ಮುಖ ತಿರುಗಿಸುತ್ತಾಳೆ.

"ಏನ ಬರೀತೀರಿ? ಬ್ಯಾಲಿ ಗಟ್ಟಿ ಇದ್ರ ಯಾರ ಹಾಕ್ಯಾರ ಅಂತ ಯಾರೂ ಕೇಳಂಗಿಲ್ರಿ. ಮುರದ್ರ ಮಾತ್ರ ಹುಡಕ್ಕೊಂಡ ಬರ್ತಾರ." ಹಾರೆ ಎತ್ತಿಕೊಳ್ಳುತ್ತ ಸೇರಿಸುತ್ತಾಳೆ: "ಒಂಬತ್ತ ವರ್ಷ ಆತು. ಯಾರೂ ಬಂದಿಲ್ರಿ."